ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಟೀಚರು: ನಮ್ಮ ಎಂ.ಎಲ್.ಎ. ಏನು ಮಾಡಬಹುದು?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನವಳು. ನಮ್ಮ ಮನೆಮಾತು ತುಳು. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ಈ ಸಲ ಗಣಿತಕ್ಕೆ ಬಂದ ಟೀಚರಿಗೆ ಕನ್ನಡ ಓದಲು ಬರುವುದಿಲ್ಲ. ಅಂಕಿ ಬರೆದು ಲೆಕ್ಕ ಮಾಡಿಸುತ್ತಾರೆ. ಆದರೆ ಪುಸ್ತಕದಲ್ಲಿ ನಾಲ್ಕು ಸಾಲಿನ ಲೆಕ್ಕ ಬಂದರೆ ಮಕ್ಕಳೇ ಎದ್ದು ಓದಬೇಕು. ಮಲಯಾಳ ಗೊತ್ತಿರುವ ಒಬ್ಬಳು ಅದನ್ನು ಟೀಚರಿಗೆ ಹೇಳಬೇಕು. ಅವರು ಮಲಯಾಳದಲ್ಲಿ ವಿವರಿಸಿದ್ದನ್ನು ಅವಳೇ ಮತ್ತೆ ಕನ್ನಡದಲ್ಲಿ ಎಲ್ಲರಿಗೂ ಹೇಳಬೇಕು. ಪಿ.ಟಿ.ಎ.ಯವರೆಲ್ಲ, ಅಂದರೆ ಪೋಷಕರ ಮತ್ತು ಟೀಚರುಗಳ ಸಂಘದವರು, ಸೇರಿ ಶಾಸಕರ ಹತ್ತಿರ ಹೋದೆವು. ನಮ್ಮೆದುರೇ ಯಾರಿಗೋ ಫೋನು ಮಾಡಿದರು, ‘ನೋಡೋಣ’ ಎಂದರು. ಆಮೇಲೆ ಏನೂ ಆಗಲಿಲ್ಲ. ಇದು ಪಂಚಾಯತಿನ ವಿಷಯ ಎಂದು ಕೆಲವರು, ಸರ್ಕಾರಿ ನೇಮಕಕ್ಕೆ ಪರೀಕ್ಷೆ ಮಾಡುವ ಪಿ.ಎಸ್.ಸಿ.ಯ ವಿಷಯ ಎಂದು ಕೆಲವರು ಹೇಳುತ್ತಾರೆ. ಶಾಲೆಯ ವಿಷಯದಲ್ಲಿ ಶಾಸಕರಿಗೆ ನಿಜಕ್ಕೂ ಎಷ್ಟು ಅಧಿಕಾರ ಇದೆ? 140 ಜನರ ವಿಧಾನಸಭೆಯಲ್ಲಿ ಗಡಿನಾಡಿನ ಒಬ್ಬರ ಮಾತು ನಡೆಯುತ್ತದಾ?

ಉತ್ತರ: ನಿಮ್ಮ ಮಗಳ ಕ್ಲಾಸಿನ ಚಿತ್ರ ಓದಿ ಸಂಕಟವಾಯಿತು. ಹದಿಮೂರು ವರ್ಷದ ಹುಡುಗಿಯೊಬ್ಬಳು ತನ್ನ ಲೆಕ್ಕ ಬಿಟ್ಟು ಇಡೀ ಕ್ಲಾಸಿಗೆ ದುಭಾಷಿಯಾಗಿ ನಿಲ್ಲಬೇಕು ಅಂದರೆ ಅದು ಸಣ್ಣ ವಿಷಯ ಅಲ್ಲ. ಆ ಟೀಚರಿಗೂ ಇದು ಸುಖದ ಕೆಲಸ ಅಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಕಷ್ಟಪಟ್ಟು ಪರೀಕ್ಷೆ ಬರೆದು, ನೇಮಕದ ಆದೇಶ ಹಿಡಿದುಕೊಂಡು ಬಂದವರು. ತಪ್ಪು ನಡೆದಿರುವುದು ಅವರು ಶಾಲೆಯ ಗೇಟಿಗೆ ಬರುವ ಎಷ್ಟೋ ಮೊದಲು, ಯಾವುದೋ ಕಡತದಲ್ಲಿ. ಅದು ಯಾವ ಕಡತ ಎಂದು ಗೊತ್ತಾದರೆ ಶಾಸಕರ ಹತ್ತಿರ ಏನು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ.

ನೇರವಾಗಿ ಹೇಳುವುದಾದರೆ, ಶಾಸಕರಿಗೆ ಒಬ್ಬ ಟೀಚರನ್ನು ನೇಮಿಸುವ, ತೆಗೆಯುವ, ವರ್ಗ ಮಾಡುವ ಅಧಿಕಾರ ಇಲ್ಲ. ಫೋನು ಮಾಡಿದರೆ ಆಚೆ ಕಡೆಯ ಅಧಿಕಾರಿ ಮರ್ಯಾದೆಗೆ ‘ಆಯಿತು ಸಾರ್’ ಅನ್ನುತ್ತಾರೆ. ನಿಯಮದಲ್ಲಿ ದಾರಿ ಇಲ್ಲದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ. ಶಾಸಕರ ಶಕ್ತಿ ಇರುವುದು ನಿಯಮ ಆಗುವ ಜಾಗದಲ್ಲಿ, ಹುದ್ದೆ ಮಂಜೂರಾಗುವ ಜಾಗದಲ್ಲಿ, ಹಣ ಹಂಚುವ ಜಾಗದಲ್ಲಿ, ಮತ್ತು ಮಂತ್ರಿಗಳಿಂದ ಬರಹದಲ್ಲಿ ಉತ್ತರ ಪಡೆಯುವ ಜಾಗದಲ್ಲಿ. ನಮ್ಮ ಕಡೆ ಜನ ಕೇಳುವುದು ಜಾಸ್ತಿ ಫೋನು. ಹಾಗಾಗಿ ಸಿಗುವುದೂ ಫೋನೇ.

ಈಗ ಆ ಟೀಚರು ನಿಮ್ಮ ಶಾಲೆಗೆ ಬಂದ ದಾರಿ ನೋಡೋಣ.

ಜೂನಿನಲ್ಲಿ ಶಾಲೆ ಶುರುವಾದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ನಿಮ್ಮ ಎಚ್.ಎಂ., ಅಂದರೆ ಮುಖ್ಯ ಶಿಕ್ಷಕರು, ಆ ದಿನ ಅಷ್ಟು ಟೆನ್ಷನ್‌ನಲ್ಲಿ ಇರುವುದು ಅದಕ್ಕೇ. ಆ ಲೆಕ್ಕದ ಮೇಲೆ ಒಂದೊಂದು ಕ್ಲಾಸಿಗೆ ಎಷ್ಟು ಡಿವಿಷನ್, ಎಷ್ಟು ಹುದ್ದೆ ಎಂದು ತೀರ್ಮಾನ ಆಗುತ್ತದೆ. ಇದಕ್ಕೆ ಸ್ಟಾಫ್ ಫಿಕ್ಸೇಶನ್ ಅನ್ನುತ್ತಾರೆ. ಹೀಗೆ ಮಾಡಬೇಕು ಎಂದು ಹೇಳುವುದು ಕೇರಳ ಶಿಕ್ಷಣ ನಿಯಮಗಳು, ಅಂದರೆ ಕೆ.ಇ.ಆರ್. ಹುದ್ದೆ ಇದ್ದು ಜನ ಇಲ್ಲದಿದ್ದರೆ ಜಿಲ್ಲಾ ಶಿಕ್ಷಣ ಉಪನಿರ್ದೇಶಕರು, ನಾವು ಡಿ.ಡಿ.ಇ. ಅನ್ನುತ್ತೇವಲ್ಲ, ಅವರು ಖಾಲಿ ಹುದ್ದೆಯನ್ನು ಪಿ.ಎಸ್.ಸಿ.ಗೆ ವರದಿ ಮಾಡಬೇಕು. ಪಿ.ಎಸ್.ಸಿ. ಕನ್ನಡ ಮಾಧ್ಯಮದ ಹುದ್ದೆಗಳಿಗೆ ಬೇರೆಯೇ ಅರ್ಜಿ ಕರೆಯುತ್ತದೆ, ಬೇರೆಯೇ ರ‍್ಯಾಂಕ್ ಲಿಸ್ಟ್ ಮಾಡುತ್ತದೆ. ಲಿಸ್ಟಿನಿಂದ ಹೆಸರು ಬಂದ ಮೇಲೆ ನೇಮಕದ ಆದೇಶ ಹೊರಡುವುದು ಮತ್ತೆ ಡಿ.ಡಿ.ಇ. ಕಚೇರಿಯಿಂದ.

ಈ ದಾರಿಯಲ್ಲಿ ಕನ್ನಡ ಜಾರಿ ಹೋಗುವ ಜಾಗಗಳಿವೆ. ಖಾಲಿ ಹುದ್ದೆಯನ್ನು ವರದಿ ಮಾಡುವಾಗ ‘ಹೈಸ್ಕೂಲ್ ಟೀಚರ್, ಗಣಿತ’ ಎಂದಷ್ಟೇ ಬರೆದು ‘ಕನ್ನಡ ಮಾಧ್ಯಮ’ ಎಂದು ಸೇರಿಸದಿದ್ದರೆ ಮುಗಿಯಿತು. ಪಿ.ಎಸ್.ಸಿ. ಸಾಮಾನ್ಯ ಲಿಸ್ಟಿನಿಂದ ಹೆಸರು ಕಳುಹಿಸುತ್ತದೆ. ಆಮೇಲೆ ತಿರುವನಂತಪುರದಲ್ಲಿ ಕುಳಿತು ಯಾರೂ ಅದನ್ನು ಸರಿ ಮಾಡಲಾರರು. ಇನ್ನೊಂದು ಜಾಗ, ಅಭ್ಯರ್ಥಿಗೆ ನಿಜವಾಗಿ ಕನ್ನಡ ಬರುತ್ತದಾ ಎಂದು ನೋಡುವ ಹಂತ. ಹೇಗೋ ಒಂದು ಕನ್ನಡ ಸರ್ಟಿಫಿಕೇಟು ತಂದವರು ಒಳಗೆ ಬಂದುಬಿಡುತ್ತಾರೆ, ಪಾಠ ಮಾಡುವಷ್ಟು ಕನ್ನಡ ಇದೆಯಾ ಎಂದು ಯಾರೂ ಸರಿಯಾಗಿ ನೋಡುವುದಿಲ್ಲ ಅನ್ನುವುದು ಇಲ್ಲಿಯ ಪೋಷಕರ ಬಹಳ ಹಳೆಯ ದೂರು.

ಮೂರನೆಯದು ಹೊರಗಿನವರಿಗೆ ಕಾಣುವುದೇ ಇಲ್ಲ. ಪಿ.ಎಸ್.ಸಿ. ನೇಮಕದಲ್ಲಿ ಮೀಸಲಾತಿಯ ಸರದಿ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಅರ್ಜಿ ಹಾಕುವವರೇ ಕಡಿಮೆ. ಒಂದು ವಿಭಾಗದ ಸರದಿ ಬಂದಾಗ ಆ ವಿಭಾಗದಲ್ಲಿ ಅರ್ಹರು ಸಿಗದಿದ್ದರೆ ಅದು ಎನ್.ಸಿ.ಎ. ಹುದ್ದೆ ಆಗುತ್ತದೆ, ಅಂದರೆ ಅಭ್ಯರ್ಥಿ ಸಿಗದ ಹುದ್ದೆ. ಅದಕ್ಕೆ ಮತ್ತೆ ಅಧಿಸೂಚನೆ, ಮತ್ತೆ ಕಾಯುವುದು. ಅಷ್ಟರಲ್ಲಿ ಮಕ್ಕಳು ಎಂಟು ಮುಗಿಸಿ ಹತ್ತಕ್ಕೆ ಬಂದಿರುತ್ತಾರೆ. ಮೀಸಲಾತಿಯನ್ನು ದೂರಿ ಪ್ರಯೋಜನ ಇಲ್ಲ. ಅದು ಇರಬೇಕಾದದ್ದೇ. ಕಡಿಮೆ ಇರುವುದು ಕನ್ನಡದಲ್ಲಿ ಗಣಿತ, ವಿಜ್ಞಾನ ಕಲಿಸಲು ತರಬೇತಿ ಪಡೆದ ಯುವಕ ಯುವತಿಯರು. ಅವರನ್ನು ತಯಾರು ಮಾಡುವ ಸೀಟುಗಳ ಬಗ್ಗೆ ಯಾರು ಕೇಳಬೇಕು? ಇದೇ ಅಸಲಿಗೆ ಶಾಸಕರ ಕೆಲಸ. ನಮ್ಮ ಮಾಯಿಪ್ಪಾಡಿಯಲ್ಲೇ ಟೀಚರುಗಳಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್ ಇದೆ. ಅಲ್ಲಿ ಮತ್ತು ವಿಶ್ವವಿದ್ಯಾಲಯದ ಬಿ.ಎಡ್. ಕೇಂದ್ರಗಳಲ್ಲಿ ಕನ್ನಡ ವಿಭಾಗಕ್ಕೆ ಎಷ್ಟು ಜನ ಸೇರುತ್ತಾರೆ ಅನ್ನುವುದರ ಮೇಲೆ ಮುಂದಿನ ಹತ್ತು ವರ್ಷದ ಕನ್ನಡ ಮಾಧ್ಯಮ ನಿಂತಿದೆ.

ಅನುದಾನಿತ ಶಾಲೆಗಳಲ್ಲಿ ಕಥೆ ಬೇರೆ. ಅಲ್ಲಿ ನೇಮಕ ಮಾಡುವವರು ಮ್ಯಾನೇಜರು, ಸಂಬಳ ಕೊಡುವುದು ಸರ್ಕಾರ. ಮ್ಯಾನೇಜರು ಹೆಚ್ಚಾಗಿ ಊರಿನವರೇ ಆದ್ದರಿಂದ ಭಾಷೆಯ ತೊಂದರೆ ಅಷ್ಟು ಇಲ್ಲ. ನಿಮ್ಮದು ಸರ್ಕಾರಿ ಶಾಲೆ, ಹಾಗಾಗಿ ಆ ಮಾತು ಇಲ್ಲಿಗೆ ಬಿಡೋಣ.

ಪಂಚಾಯತಿನ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸರ್ಕಾರಿ ಪ್ರೈಮರಿ ಶಾಲೆಗಳು ಗ್ರಾಮ ಪಂಚಾಯತಿನ ಕೈಗೆ ಬಂದವು, ಹೈಸ್ಕೂಲು ಮತ್ತು ಹೈಯರ್ ಸೆಕೆಂಡರಿ ಶಾಲೆಗಳು ಜಿಲ್ಲಾ ಪಂಚಾಯತಿನ ಕೈಗೆ. ಕಟ್ಟಡದ ರಿಪೇರಿ, ಬೆಂಚು ಡೆಸ್ಕು, ಲ್ಯಾಬು, ನೀರು, ಶೌಚಾಲಯ ಇದೆಲ್ಲ ಅವರದು. ಟೀಚರಿನ ನೇಮಕ ಮತ್ತು ಸಂಬಳ ಮಾತ್ರ ರಾಜ್ಯ ಸರ್ಕಾರದಲ್ಲೇ ಉಳಿಯಿತು. ಆದ್ದರಿಂದ ನಿಮ್ಮ ಪಿ.ಟಿ.ಎ.ಯಲ್ಲಿ ಪಂಚಾಯತ್ ಎಂದವರೂ ಪೂರ್ತಿ ತಪ್ಪಲ್ಲ, ಪಿ.ಎಸ್.ಸಿ. ಎಂದವರೂ ಪೂರ್ತಿ ಸರಿಯಲ್ಲ. ಜಿಲ್ಲಾ ಪಂಚಾಯತ್ ಸದಸ್ಯರನ್ನು ಬಿಡಬೇಡಿ. ಟೀಚರನ್ನು ತರಲು ಅವರಿಂದ ಆಗುವುದಿಲ್ಲ. ಆದರೆ ಜಿಲ್ಲಾ ಪಂಚಾಯತಿನ ಸಭೆಯಲ್ಲಿ ನಿಮ್ಮ ಶಾಲೆಯ ಹೆಸರು ಬರುವ ಹಾಗೆ ಮಾಡಲು ಖಂಡಿತ ಆಗುತ್ತದೆ.

ಇನ್ನು ವಿಧಾನಸಭೆ. ನಮ್ಮ ಶಾಲೆಗಳಲ್ಲಿ ಇವತ್ತು ನಡೆಯುವ ಹೆಚ್ಚಿನದ್ದೆಲ್ಲ ಒಂದು ಕಾಲದಲ್ಲಿ ಆ ಸಭೆಯಲ್ಲಿ ಶಾಸಕರು ಕೂತು ಜಗಳವಾಡಿ ಮಾಡಿದ್ದು. 1957ರಲ್ಲಿ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ಶಿಕ್ಷಣ ಮಸೂದೆ ತಂದರು. ಸಭೆ ಒಪ್ಪಿದ ಮೇಲೆ ರಾಷ್ಟ್ರಪತಿಗಳು ಅದನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳುಹಿಸಿದರು. 1958ರಲ್ಲಿ ಕೋರ್ಟು ಅಲ್ಪಸಂಖ್ಯಾತರ ಸಂಸ್ಥೆಗಳ ಹಕ್ಕಿನ ಬಗ್ಗೆ ತನ್ನ ಅಭಿಪ್ರಾಯ ಹೇಳಿತು, ಮಸೂದೆಗೆ ತಿದ್ದುಪಡಿ ಆಯಿತು, 1959ರಲ್ಲಿ ಜಾರಿಗೆ ಬಂತು. ಅದೇ ವರ್ಷದ ಕೆ.ಇ.ಆರ್. ಇವತ್ತಿಗೂ ನಿಮ್ಮ ಎಚ್.ಎಂ. ಮೇಜಿನ ಮೇಲಿದೆ. ಶಾಸಕರಿಗೆ ಅಧಿಕಾರ ಇಲ್ಲ ಅನ್ನುವವರು ಈ ಒಂದು ಕಾಯ್ದೆಯನ್ನು ನೋಡಬೇಕು.

ಅದೇ 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾಗಿ ಆ ಸಭೆಗೆ ಹೋಗಿದ್ದರು. ಆಮೇಲೆ 1960, 1965, 1967ರ ಚುನಾವಣೆಗಳಲ್ಲಿ ಕಳ್ಳಿಗೆ ಮಹಾಬಲ ಭಂಡಾರಿ ಗೆದ್ದರು. ಆ ಕಾಲದಲ್ಲಿ ಇಲ್ಲಿಯ ಓಟು ಎಂದರೆ ಕರ್ನಾಟಕಕ್ಕೆ ಸೇರುವ ವಿಲೀನದ ಓಟು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು ಜನಕ್ಕೆ ಒಪ್ಪಿಗೆ ಇರಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಗಡಿ ವಿವಾದ ನೋಡಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಜಾರಿ ಆಗಲಿಲ್ಲ. ಆ ನೋವು ಸುಳ್ಳಲ್ಲ, ನಮ್ಮ ಹಿರಿಯರು ಅದಕ್ಕಾಗಿ ಬೀದಿಗಿಳಿದಿದ್ದರು. ಆದರೆ ನನ್ನ ಅಭಿಪ್ರಾಯ ಹೇಳಲಾ? ದೊಡ್ಡ ಪ್ರಶ್ನೆ ತೀರ್ಮಾನ ಆಗಲಿ, ಆಮೇಲೆ ಉಳಿದದ್ದು ಎಂದು ಕಾಯುವ ಅಭ್ಯಾಸ ನಮಗೆ ಆಗ ಹತ್ತಿಕೊಂಡಿತು. ಹುದ್ದೆ, ನಿಯಮ, ರ‍್ಯಾಂಕ್ ಲಿಸ್ಟ್ ಇಂಥ ಸಣ್ಣ ಪ್ರಶ್ನೆಗಳನ್ನು ವರ್ಷ ವರ್ಷ ಬಿಡದೆ ಹಿಂಬಾಲಿಸುವ ಅಭ್ಯಾಸ ಆಗಲಿಲ್ಲ. ಮಕ್ಕಳ ಓದು ಮಾತ್ರ ಯಾವ ತೀರ್ಮಾನಕ್ಕೂ ಕಾಯುವುದಿಲ್ಲ.

2017ರಲ್ಲಿ ಆದದ್ದು ನಿಮಗೆ ನೆನಪಿರಬಹುದು. ಹತ್ತನೇ ಕ್ಲಾಸಿನ ತನಕ ಎಲ್ಲ ಶಾಲೆಗಳಲ್ಲೂ ಮಲಯಾಳ ಕಲಿಯಬೇಕು ಎಂದು ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾಯ್ದೆ ಆಯಿತು. ಕಾಸರಗೋಡಿನಲ್ಲಿ ಕನ್ನಡಿಗರು ಪ್ರತಿಭಟನೆ ಮಾಡಿದರು. 2025ರ ಅಕ್ಟೋಬರ್‌ನಲ್ಲಿ ವಿಧಾನಸಭೆ ಮತ್ತೊಂದು ಮಲಯಾಳ ಭಾಷಾ ಮಸೂದೆಯನ್ನು ಒಪ್ಪಿತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆತಂಕ ಹೇಳಿ ಕೇರಳದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕನ್ನಡ, ತಮಿಳು ಮಾತಾಡುವವರಿಗೆ ಮಸೂದೆಯಲ್ಲೇ ರಕ್ಷಣೆ ಇದೆ ಎಂದು ಪಿಣರಾಯಿ ವಿಜಯನ್ ಅವರ ಉತ್ತರ. ಎರಡು ಸಲವೂ ಒಂದು ವಿಷಯ ಗಮನಿಸಿ. ನಮ್ಮ ಕಡೆಯ ಗಲಾಟೆ ಜೋರಾಗಿದ್ದು ಕಾಗದ ತಯಾರಾದ ಮೇಲೆ. ಮಕ್ಕಳು ರಾಜ್ಯದ ಭಾಷೆ ಕಲಿಯುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಬದುಕುವವರಿಗೆ ಮಲಯಾಳ ಬೇಕು, ಪಿ.ಎಸ್.ಸಿ. ಬರೆಯುವವರಿಗಂತೂ ಬೇಕೇ ಬೇಕು. ಕನ್ನಡದ ಪಿರಿಯಡ್ ಕಡಿಮೆ ಆಗದ ಹಾಗೆ, ಕನ್ನಡದ ಹುದ್ದೆ ಹೋಗದ ಹಾಗೆ ಅದನ್ನು ಹೇಗೆ ಕಲಿಸುವುದು ಅನ್ನುವುದೇ ಪ್ರಶ್ನೆ. ಅದು ತೀರ್ಮಾನ ಆಗುವುದು ಮಸೂದೆಯ ಒಂದೊಂದು ಕಲಮಿನಲ್ಲಿ.

ಕೇರಳದಲ್ಲಿ ಅದಕ್ಕೆ ಒಳ್ಳೆಯ ಜಾಗ ಇದೆ. ವಿಧಾನಸಭೆಯಲ್ಲಿ 14 ವಿಷಯ ಸಮಿತಿಗಳಿವೆ. 1980ರಿಂದ ಈ ಪದ್ಧತಿ ನಡೆದುಬಂದಿದೆ. ಮಸೂದೆ ಮಂಡನೆ ಆದ ಮೇಲೆ ಸಾಮಾನ್ಯವಾಗಿ ಆಯಾ ಸಮಿತಿಗೆ ಹೋಗುತ್ತದೆ. ಅಲ್ಲಿ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಟಿ.ವಿ. ಕ್ಯಾಮೆರಾ ಇರುವುದಿಲ್ಲ. ಒಂದು ಕಲಮಿಗೆ ಎರಡು ಸಾಲು ಸೇರಿಸಲು, ಒಪ್ಪದಿದ್ದರೆ ಭಿನ್ನಾಭಿಪ್ರಾಯ ಬರೆದಿಡಲು ಅಲ್ಲಿ ಸಾಧ್ಯ. ಬಜೆಟ್ಟಿನ ಸಮಯದಲ್ಲಿ ಶಿಕ್ಷಣ ಇಲಾಖೆಯ ಬೇಡಿಕೆಯೂ ಶಿಕ್ಷಣದ ಸಮಿತಿಯ ಮುಂದೆ ಬರುತ್ತದೆ. ನಮ್ಮ ಶಾಸಕರು ಆ ಸಮಿತಿಯಲ್ಲಿ ಇಲ್ಲದಿದ್ದರೆ ಇರುವವರೊಬ್ಬರಿಗೆ ಪತ್ರ ಕೊಟ್ಟು ಹೇಳಿಸಬಹುದು. ಕಾಯ್ದೆಯಾದ ಮೇಲೆ ಇಲಾಖೆ ಮಾಡುವ ನಿಯಮಗಳೂ ಸಭೆಯ ಮುಂದೆ ಬರಬೇಕು. ಬಹಳ ಸಲ ನಮಗೆ ಪೆಟ್ಟು ಬೀಳುವುದು ಕಾಯ್ದೆಯಿಂದ ಅಲ್ಲ, ಆಮೇಲೆ ಸದ್ದಿಲ್ಲದೆ ಬರುವ ನಿಯಮ ಮತ್ತು ಸುತ್ತೋಲೆಯಿಂದ. ಅದನ್ನು ಕಾಯುತ್ತಾ ಕೂರುವ ಶಾಸಕರು ನಮಗೆ ಬೇಕು.

ಹಣದ ವಿಷಯದಲ್ಲಿ ಶಾಸಕರ ಕೈ ಎಲ್ಲರಿಗೂ ಕಾಣುತ್ತದೆ. ಶಾಸಕರ ನಿಧಿಯಿಂದ ಕ್ಲಾಸ್ ರೂಮು, ಶಾಲಾ ಬಸ್ಸು, ಕಾಂಪೌಂಡು ಬರುತ್ತದೆ. 2017ರಲ್ಲಿ ಶುರುವಾದ ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞದಲ್ಲಿ ಕ್ಷೇತ್ರಕ್ಕೊಂದು ಶಾಲೆಗೆ ರಾಜ್ಯದ ಮೂಲಸೌಕರ್ಯ ನಿಧಿ ಕಿಫ್‌ಬಿಯಿಂದ 5 ಕೋಟಿ ರೂಪಾಯಿಯ ಯೋಜನೆ ಬಂತು. ಅದಕ್ಕೆ ಮೊದಲು ಪ್ರಭಾಕರನ್ ಆಯೋಗ ಕಾಸರಗೋಡು ಹಿಂದುಳಿದದ್ದನ್ನು ಅಧ್ಯಯನ ಮಾಡಿ 11,123 ಕೋಟಿಯ ಪ್ಯಾಕೇಜು ಸೂಚಿಸಿತ್ತು. ಕಾಸರಗೋಡು ಅಭಿವೃದ್ಧಿ ಪ್ಯಾಕೇಜಿನ ಬೋರ್ಡು ನೀವು ಎಷ್ಟೋ ಶಾಲೆಯ ಗೋಡೆಯಲ್ಲಿ ನೋಡಿರುತ್ತೀರಿ. ಕಟ್ಟಡ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹಂಚು ಹಾರಿಹೋದ ಕ್ಲಾಸಿನಲ್ಲಿ ಮಳೆಗಾಲ ಕಳೆದ ಮಕ್ಕಳು ನಮ್ಮಲ್ಲಿ ಬೇಕಾದಷ್ಟು ಇದ್ದರು. ಆದರೆ ಕಟ್ಟಡಕ್ಕೆ ಉದ್ಘಾಟನೆ ಇದೆ, ಕಲ್ಲಿನಲ್ಲಿ ಹೆಸರಿದೆ. ಒಂದು ಹುದ್ದೆಯನ್ನು ಪಿ.ಎಸ್.ಸಿ.ಗೆ ಸರಿಯಾಗಿ ವರದಿ ಮಾಡಿಸಿದ್ದಕ್ಕೆ ಯಾರೂ ಕಲ್ಲು ಹಾಕಿಸುವುದಿಲ್ಲ. ಹಾಗಾಗಿ ಮೂರು ಮಾಳಿಗೆಯ ಕಟ್ಟಡದಲ್ಲಿ ಕನ್ನಡ ಬಾರದ ಗಣಿತ ಟೀಚರು ಇರುವ ಸ್ಥಿತಿ ಬರುತ್ತದೆ. ಇದನ್ನು ಬದಲಿಸಬೇಕಾದವರು ಪಿ.ಟಿ.ಎ.ಯವರು. ಕಟ್ಟಡ ಕೊಟ್ಟ ದಿನ ಹಾರ ಹಾಕುವ ಹಾಗೆ, ಹುದ್ದೆ ಭರ್ತಿ ಮಾಡಿಸಿದ ದಿನವೂ ಶಾಸಕರನ್ನು ಕರೆದು ಹಾರ ಹಾಕಿ. ಅವರಿಗೂ ಜನ ಗಮನಿಸುತ್ತಾರೆ ಎಂದು ಗೊತ್ತಾಗಲಿ.

ಈಗ ನೀವು ಮಾಡಬಹುದಾದ ಕೆಲಸ. ಶಾಸಕರ ಹತ್ತಿರ ಮತ್ತೆ ಹೋಗಿ. ಈ ಸಲ ‘ಟೀಚರನ್ನು ಬದಲಿಸಿ ಕೊಡಿ’ ಎಂಬ ಮನವಿ ಬೇಡ, ವಿಧಾನಸಭೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ಬರೆದುಕೊಂಡು ಹೋಗಿ. ಶಾಸಕರಿಗೆ ಸಾವಿರ ಕೆಲಸ. ಪ್ರಶ್ನೆ ತಯಾರಾಗಿ ಕೈಗೆ ಬಂದರೆ ಅವರಿಗೂ ಸುಲಭ. ನಾನಾದರೆ ಹೀಗೆ ಬರೆಯುತ್ತಿದ್ದೆ:

‘ಕಾಸರಗೋಡು ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಕನ್ನಡ ಮಾಧ್ಯಮದ ಗಣಿತ, ಭೌತವಿಜ್ಞಾನ, ಜೀವವಿಜ್ಞಾನ, ಸಮಾಜವಿಜ್ಞಾನ ಹುದ್ದೆಗಳು ತಲಾ ಎಷ್ಟು? ಅದರಲ್ಲಿ ಈಗ ಖಾಲಿ ಎಷ್ಟು? ಯಾವ ಯಾವ ಹುದ್ದೆಯನ್ನು, ಯಾವ ತಾರೀಕಿಗೆ ಪಿ.ಎಸ್.ಸಿ.ಗೆ ವರದಿ ಮಾಡಲಾಗಿದೆ? ವರದಿ ಮಾಡುವಾಗ ಮಾಧ್ಯಮ ಯಾವುದು ಎಂದು ತಿಳಿಸಲಾಗಿದೆಯೇ? ಕನ್ನಡ ಮಾಧ್ಯಮದ ಹುದ್ದೆಯಲ್ಲಿ ಈಗ ಕೆಲಸ ಮಾಡುತ್ತಿರುವವರಲ್ಲಿ ಸಾಮಾನ್ಯ ಲಿಸ್ಟಿನಿಂದ ನೇಮಕವಾದವರು ಎಷ್ಟು ಮಂದಿ? ಅಭ್ಯರ್ಥಿ ಸಿಗದೆ ಉಳಿದ ಹುದ್ದೆಗಳು ಎಷ್ಟು, ಎಂದಿನಿಂದ?’

ಇಂಥ ಪ್ರಶ್ನೆಗೆ ‘ಪರಿಶೀಲಿಸಲಾಗುವುದು’ ಎಂದು ಹೇಳಿ ಜಾರಿಕೊಳ್ಳಲು ಆಗುವುದಿಲ್ಲ. ಸಂಖ್ಯೆ ಕೊಡಬೇಕು, ತಾರೀಕು ಕೊಡಬೇಕು. ಮಂತ್ರಿಗಳ ಕಚೇರಿ ನಿರ್ದೇಶಕರನ್ನು ಕೇಳುತ್ತದೆ, ನಿರ್ದೇಶಕರು ಡಿ.ಡಿ.ಇ.ಯನ್ನು ಕೇಳುತ್ತಾರೆ, ಡಿ.ಡಿ.ಇ. ಕಚೇರಿಯ ಗುಮಾಸ್ತರು ಕಡತ ತೆಗೆಯುತ್ತಾರೆ. ವರದಿಯೇ ಆಗದ ಹುದ್ದೆ ಇದ್ದರೆ ಉತ್ತರ ಹೋಗುವ ಮೊದಲೇ ವರದಿ ಆಗುತ್ತದೆ. ನನ್ನ ಅನುಭವದಲ್ಲಿ ಪ್ರಶ್ನೆಯ ಅರ್ಧ ಫಲ ಸಿಗುವುದು ಉತ್ತರ ಬರುವ ಮೊದಲೇ. ಬಂದ ಉತ್ತರ ವಿಧಾನಸಭೆಯ ದಾಖಲೆಯಲ್ಲಿ ಉಳಿಯುತ್ತದೆ. ಮುಂದೆ ಕೋರ್ಟಿಗೆ ಹೋಗಬೇಕಾದರೂ ಅದಕ್ಕಿಂತ ಒಳ್ಳೆಯ ಕಾಗದ ಬೇರೆ ಇಲ್ಲ.

ಅದಾದ ಮೇಲೆ ಸಭೆಯಲ್ಲಿ ವಿಷಯ ಎತ್ತಿ ಮಂತ್ರಿಗಳ ಉತ್ತರ ಕೇಳುವ ಸಬ್ಮಿಷನ್ ಇದೆ, ಗಮನ ಸೆಳೆಯುವ ಸೂಚನೆ ಇದೆ. ಮಂತ್ರಿಗಳು ಸಭೆಯಲ್ಲಿ ಕೊಟ್ಟ ಭರವಸೆ ನಡೆಯಿತಾ ಎಂದು ನೋಡಲು ಭರವಸೆಗಳ ಸಮಿತಿ ಅಂತಲೇ ಒಂದು ಇದೆ. ಅರ್ಜಿಗಳ ಸಮಿತಿಗೆ ಸಾಮಾನ್ಯ ಜನರೂ ಅರ್ಜಿ ಕೊಡಬಹುದು. ಇವನ್ನೆಲ್ಲ ಒಟ್ಟಿಗೆ ಶುರು ಮಾಡುವುದು ಬೇಡ. ಮೊದಲು ಪ್ರಶ್ನೆ.

ಜಿಲ್ಲೆಯ ಮಟ್ಟದಲ್ಲಿ ಇನ್ನೊಂದು ಜಾಗ ಇದೆ. ಕಲೆಕ್ಟರ ಅಧ್ಯಕ್ಷತೆಯಲ್ಲಿ ತಿಂಗಳಿಗೊಮ್ಮೆ ಜಿಲ್ಲಾ ಅಭಿವೃದ್ಧಿ ಸಮಿತಿ ಸೇರುತ್ತದೆ. ಶಾಸಕರೂ ಅದರ ಸದಸ್ಯರು. ಅಲ್ಲಿ ಡಿ.ಡಿ.ಇ. ಕೂಡ ಕುಳಿತಿರುತ್ತಾರೆ. ಶಾಸಕರು ಅಲ್ಲಿ ಎದ್ದು ಕೇಳಿದರೆ ಉತ್ತರ ನಡಾವಳಿಯಲ್ಲಿ ದಾಖಲಾಗುತ್ತದೆ, ಮುಂದಿನ ತಿಂಗಳು ‘ಏನಾಯಿತು’ ಎಂದು ಮತ್ತೆ ಕೇಳಬಹುದು. ಈ ವರ್ಷಕ್ಕೆ ನಿಮ್ಮ ಮಗಳಿಗೆ ಏನಾದರೂ ಆಗಬೇಕಿದ್ದರೆ ಅದು ಆಗುವುದು ಇಲ್ಲೇ. ಜಿಲ್ಲೆಯೊಳಗೆ ತಾತ್ಕಾಲಿಕವಾಗಿ ಟೀಚರನ್ನು ಒಂದು ಶಾಲೆಯಿಂದ ಇನ್ನೊಂದಕ್ಕೆ ಹಾಕುವ ಪದ್ಧತಿ ಇದೆ. ವರ್ಕಿಂಗ್ ಅರೇಂಜ್‌ಮೆಂಟ್ ಎಂದರೆ ಎಲ್ಲ ಎಚ್.ಎಂ.ಗಳಿಗೂ ಗೊತ್ತು. ನೀಲೇಶ್ವರ, ಚೆರುವತ್ತೂರು ಕಡೆ ಮಲಯಾಳ ಮಾಧ್ಯಮದ ಶಾಲೆಗಳೇ ಇರುವುದು. ಆ ಟೀಚರಿಗೆ ಅಲ್ಲಿ ಕೆಲಸ ಸುಲಭ, ಬಹುಶಃ ಮನೆಗೂ ಹತ್ತಿರ. ಅವರನ್ನೇ ಕೇಳಿ ನೋಡಿ, ಒಪ್ಪಬಹುದು. ಒಪ್ಪಿದರೆ ಅವರೂ ನಿಮ್ಮ ಜೊತೆ ಸಹಿ ಹಾಕುತ್ತಾರೆ. ಟೀಚರ ಎದುರು ಗೇಟಿನಲ್ಲಿ ಘೋಷಣೆ ಕೂಗುವುದಕ್ಕಿಂತ ಇದು ಸಾವಿರ ಪಾಲು ಒಳ್ಳೆಯದು. ಮಕ್ಕಳ ಮುಂದೆ ಅವರ ಟೀಚರಿಗೆ ಅವಮಾನ ಆಗಬಾರದು.

ಮನವಿಯಲ್ಲಿ ಕಾನೂನಿನ ಆಧಾರ ಸ್ವಲ್ಪ ಇರಲಿ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಮಾಡಿಕೊಡಬೇಕು ಎಂದು ರಾಜ್ಯಗಳಿಗೆ ಹೇಳುತ್ತದೆ. ರಾಜ್ಯಗಳ ಮರುವಿಂಗಡಣೆ ಆದ 1956ರಲ್ಲೇ ಅದನ್ನು ಸೇರಿಸಿದರು. ನಮ್ಮಂಥ ಊರುಗಳಿಗಾಗಿಯೇ ಬಂದ ವಿಧಿ ಅದು. ಒಂದು ಕ್ಲಾಸಿನಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಟೀಚರನ್ನು ಕೊಡಬೇಕು ಎಂಬ ಲೆಕ್ಕ 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಷ್ಟು ಹಳೆಯದು. ಹೈಸ್ಕೂಲಿಗೆ ಕೊನೆಯ ನಾಲ್ಕು ಕ್ಲಾಸುಗಳಲ್ಲಿ 60, ಪ್ರತಿ ಕ್ಲಾಸಿನಲ್ಲಿ 15 ಎಂದು 1961ರಲ್ಲಿ ಮುಖ್ಯಮಂತ್ರಿಗಳು ಸೇರಿ ಒಪ್ಪಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಕೂಡ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಎನ್ನುತ್ತದೆ. ನಿಮ್ಮ ಮಗಳು ಎಂಟರಲ್ಲಿ ಇರುವುದರಿಂದ ಅದೂ ಅನ್ವಯಿಸುತ್ತದೆ.

ಮನೆಮಾತು ತುಳು ಎಂದು ಬರೆದಿದ್ದೀರಿ. ಇದನ್ನು ಕೆಲವು ಅಧಿಕಾರಿಗಳು ತಿರುಗಿಸಿ ಕೇಳುವುದಿದೆ: ಮಾತೃಭಾಷೆ ಕನ್ನಡ ಅಲ್ಲವಲ್ಲ, ಮತ್ತೆ ಯಾಕೆ? ಹೆದರಬೇಡಿ. ಮಂಜೇಶ್ವರದಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಮನೆಗಳ ಮಕ್ಕಳೆಲ್ಲ ತಲೆಮಾರುಗಳಿಂದ ಅಕ್ಷರ ಕಲಿತದ್ದು ಕನ್ನಡದಲ್ಲಿ. ಕನ್ನಡ ಮಾಧ್ಯಮ ಎಂದರೆ ಅವರೆಲ್ಲರ ಶಾಲೆ. ಶಾಸಕರ ಹತ್ತಿರ ಹೋಗುವಾಗಲೂ ಎಲ್ಲ ಮನೆಗಳವರೂ ಒಟ್ಟಿಗೆ ಹೋಗಿ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣ ವಚನ ತೆಗೆದುಕೊಂಡಾಗ ಇಲ್ಲಿ ಖುಷಿಪಟ್ಟವರಲ್ಲಿ ಎಲ್ಲ ಮನೆಮಾತಿನವರೂ ಇದ್ದರು. ರಾಜ್ಯದ ಭಾಷೆ, ಹಿಂದಿ, ಇಂಗ್ಲಿಷ್ ಯಾವುದರಲ್ಲೂ ಸರಿಯಾಗಿ ಹೇಳಲು ಆಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದು ಎಂದು ಸಂವಿಧಾನದ 210ನೇ ವಿಧಿಯಲ್ಲೇ ಇದೆ.

ಕೊನೆಗೆ ಆ 140ರ ಲೆಕ್ಕ. ಕನ್ನಡ ಮಾಧ್ಯಮದ ಮಕ್ಕಳು ಹೆಚ್ಚಾಗಿ ಇರುವುದು ಮಂಜೇಶ್ವರ ಮತ್ತು ಕಾಸರಗೋಡು ಕ್ಷೇತ್ರಗಳಲ್ಲಿ. ಇಬ್ಬರೇ ಶಾಸಕರು. ಸಂಖ್ಯೆ ನೋಡಿದರೆ ಕಡಿಮೆಯೇ. ಆದರೆ ಇದೇ ತೊಂದರೆ ಇರುವ ಇನ್ನೊಂದು ಗುಂಪು ಕೇರಳದಲ್ಲಿ ಇದೆ, ನಾವು ಅವರ ಕಡೆ ನೋಡಿದ್ದು ಬಹಳ ಕಡಿಮೆ. ಇಡುಕ್ಕಿಯ ದೇವಿಕುಳಂ, ಪೀರುಮೇಡು ಕಡೆಯ ಟೀ ತೋಟದ ತಮಿಳು ಮಕ್ಕಳು, ಪಾಲಕ್ಕಾಡಿನ ಗಡಿಯ ತಮಿಳು ಮಕ್ಕಳು. ಅವರಿಗೂ ತಮಿಳು ಮಾಧ್ಯಮ ಇದೆ, ಅವರಿಗೂ ಪ್ರತ್ಯೇಕ ಲಿಸ್ಟು ಬೇಕು. ದೇವಿಕುಳಂನ ಎ. ರಾಜ ಅವರು 2021ರಲ್ಲಿ ತಮಿಳಿನಲ್ಲಿ ಪ್ರಮಾಣ ಮಾಡಿದ್ದರು. ಕಾಸರಗೋಡಿನವರೂ ಇಡುಕ್ಕಿಯವರೂ ಪಾಲಕ್ಕಾಡಿನವರೂ ಪಕ್ಷ ಬದಿಗಿಟ್ಟು ಒಂದೇ ತಿದ್ದುಪಡಿಗೆ ಸಹಿ ಹಾಕಿದರೆ ಅದು ಗಡಿನಾಡಿನ ಒಂದು ಮೂಲೆಯ ಗೊಣಗಾಟ ಆಗಿ ಉಳಿಯುವುದಿಲ್ಲ, ರಾಜ್ಯದ ಭಾಷಾ ಅಲ್ಪಸಂಖ್ಯಾತರ ವಿಷಯ ಆಗುತ್ತದೆ. ಎರಡೂ ಕಡೆಯ ಕ್ಷೇತ್ರಗಳು ಬೇರೆ ಬೇರೆ ಪಕ್ಷಗಳ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ಯಾವ ಸರ್ಕಾರ ಬಂದರೂ ಒಳಗೊಬ್ಬರು ಇರುತ್ತಾರೆ.

ಕಾಲದ ಬಗ್ಗೆ ಒಂದು ಮಾತು. ಕೇರಳದಲ್ಲಿ ಮೇ 31ಕ್ಕೆ ತುಂಬಾ ಮಂದಿ ನಿವೃತ್ತರಾಗುತ್ತಾರೆ. ಯಾರು ಯಾವಾಗ ನಿವೃತ್ತರಾಗುತ್ತಾರೆ ಎಂದು ಸರ್ವಿಸ್ ಪುಸ್ತಕದಲ್ಲಿ ವರ್ಷಗಳ ಮೊದಲೇ ಇರುತ್ತದೆ. ಮುಂದೆ ಖಾಲಿ ಆಗಲಿರುವ ಹುದ್ದೆಯನ್ನೂ ಪಿ.ಎಸ್.ಸಿ.ಗೆ ಮುಂಚೆಯೇ ತಿಳಿಸಬಹುದು. ಹಾಗಿದ್ದರೂ ಜೂನಿನಲ್ಲಿ ಕ್ಲಾಸು ಖಾಲಿ ಕಂಡ ಮೇಲೆ ಓಡಾಟ ಶುರುವಾಗುತ್ತದೆ. ನಿಮ್ಮ ಶಾಲೆಯಲ್ಲಿ ಮುಂದಿನ ಎರಡು ಮೂರು ವರ್ಷದಲ್ಲಿ ಯಾವ ಕನ್ನಡ ಮಾಧ್ಯಮದ ಟೀಚರು ನಿವೃತ್ತರಾಗುತ್ತಾರೆ ಎಂದು ಎಚ್.ಎಂ. ಹತ್ತಿರ ಕೇಳಿ ಪಟ್ಟಿ ಮಾಡಿ. ಅಕ್ಕಪಕ್ಕದ ಶಾಲೆಗಳ ಪಿ.ಟಿ.ಎ.ಯವರೂ ಮಾಡಲಿ. ಮಂಜೇಶ್ವರ ಕ್ಷೇತ್ರದಲ್ಲಿ ಎಂಟು ಪಂಚಾಯತುಗಳಿವೆ: ಮಂಜೇಶ್ವರ, ವರ್ಕಾಡಿ, ಮೀಂಜ, ಮಂಗಲ್ಪಾಡಿ, ಪೈವಳಿಕೆ, ಪುತ್ತಿಗೆ, ಕುಂಬಳೆ, ಎಣ್ಮಕಜೆ. ಎಂಟೂ ಕಡೆಯ ಪಟ್ಟಿ ಒಂದೇ ಹಾಳೆಯಲ್ಲಿ ಶಾಸಕರ ಕೈಗೆ ಹೋಗಲಿ, ಬಜೆಟ್ ಅಧಿವೇಶನಕ್ಕೆ ಮೊದಲೇ.

ಇನ್ನೊಂದು ಕಷ್ಟದ ಮಾತು ಹೇಳಲೇಬೇಕು. ಆರನೇ ದಿನದ ಎಣಿಕೆಯಲ್ಲಿ ಕನ್ನಡ ಡಿವಿಷನ್ ಬಿದ್ದುಹೋದರೆ ಹುದ್ದೆಯೂ ಹೋಗುತ್ತದೆ, ಆಮೇಲೆ ಯಾವ ಶಾಸಕರೂ ತರಲಾರರು. ಇಂಗ್ಲಿಷ್ ಮಾಧ್ಯಮಕ್ಕೆ ಮಕ್ಕಳನ್ನು ಹಾಕುವ ತಂದೆ ತಾಯಿಯನ್ನು ನಾನು ಬೈಯುವುದಿಲ್ಲ. ಕನ್ನಡ ಬಾರದ ಟೀಚರು ಬಂದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ ಅಲ್ವಾ? ಟೀಚರಿಲ್ಲದೆ ಮಕ್ಕಳು ಹೋಗುತ್ತಾರೆ, ಮಕ್ಕಳಿಲ್ಲದೆ ಹುದ್ದೆ ಹೋಗುತ್ತದೆ. ಇದು ಎಲ್ಲಿಯಾದರೂ ತುಂಡಾಗಬೇಕು. ತುಂಡು ಮಾಡಲು ಸುಲಭದ ಜಾಗ ಹುದ್ದೆಯೇ. ಅದಕ್ಕೇ ಇಷ್ಟೆಲ್ಲ ಹೇಳಿದ್ದು.

ಮೊದಲ ಕೆಲಸ ನಾಳೆಯೇ ಮಾಡಬಹುದು. ನಿಮ್ಮ ಶಾಲೆಯ ಗಣಿತ ಹುದ್ದೆಯನ್ನು ಪಿ.ಎಸ್.ಸಿ.ಗೆ ವರದಿ ಮಾಡಿದ ಪತ್ರದ ಪ್ರತಿ ಬೇಕು ಎಂದು ಡಿ.ಡಿ.ಇ. ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಅದರಲ್ಲಿ ‘ಕನ್ನಡ ಮಾಧ್ಯಮ’ ಎಂದು ಇದ್ದರೆ ಹಿಡಿಯಬೇಕಾದದ್ದು ಪಿ.ಎಸ್.ಸಿ.ಯನ್ನು, ಇಲ್ಲದಿದ್ದರೆ ಡಿ.ಡಿ.ಇ. ಕಚೇರಿಯನ್ನು. ಪ್ರತಿ ಬಂದ ಮೇಲೆ ನನಗೂ ಒಂದು ಕಳುಹಿಸಿ. ಶಾಸಕರಿಗೆ ಕೊಡುವ ಪ್ರಶ್ನೆಯ ಕೊನೆಯ ಎರಡು ಸಾಲು ಅದನ್ನು ನೋಡಿಯೇ ಬರೆಯಬೇಕು.